ಲ್ಯಾಬಿಗೂ ಒಂದು ಹಾಜರಿ ಪುಸ್ತಕ ಬೇಕು

ನಮ್ಮ ಎರಡು ವರ್ಷದ ಬಿ.ಇಡಿ.ಯಲ್ಲಿ ಐಸಿಟಿಗೆಂದೇ ಒಂದು ಪತ್ರಿಕೆ ಇದೆ. ಸ್ಲೈಡ್ ಮಾಡುವುದು, ಸ್ಪ್ರೆಡ್‌ಶೀಟಿನಲ್ಲಿ ಅಂಕಪಟ್ಟಿ ಹಾಕುವುದು, ಪಾಠಕ್ಕೆ ತಕ್ಕ ವಿಡಿಯೋ ಹುಡುಕುವುದು, ಇಷ್ಟನ್ನು ನಾವು ಅದರಲ್ಲಿ ಕಲಿಯುತ್ತೇವೆ. ಇವು ಬೇಕಾದವೇ. ಆದರೆ ಇಂಟರ್ನ್‌ಶಿಪ್‌ಗೆಂದು ಹೋದ ಶಾಲೆಯಲ್ಲಿ ಲ್ಯಾಬಿಗೆ ಬೀಗ ಬಿದ್ದಿದ್ದರೆ ಆ ಕಲಿಕೆಯನ್ನೆಲ್ಲ ಎಲ್ಲಿ ಬಳಸಬೇಕು? ಬೀಗ ತೆಗೆಸಿದರೂ ಹನ್ನೆರಡರಲ್ಲಿ ಮೂರು ಯಂತ್ರ ಏಳುವುದಿಲ್ಲ, ಉಳಿದ ಒಂಬತ್ತರಲ್ಲಿ ಒಂದೊಂದರಲ್ಲಿ ಒಂದೊಂದು ಇದೆ, ಒಂದೊಂದು ಇಲ್ಲ. ಈ ಪತ್ರಿಕೆಯಲ್ಲಿ ಇನ್ನೊಂದು ವಿಷಯ ಸೇರಬೇಕೆಂಬುದು ನನ್ನ ವಾದ. ಹತ್ತು ಹನ್ನೆರಡು ಕಂಪ್ಯೂಟರುಗಳ ಒಂದು ಕೊಠಡಿಯನ್ನು ಒಂದೇ ಕಡೆ ಕುಳಿತು ಸುಸ್ಥಿತಿಯಲ್ಲಿಡುವ ವಿದ್ಯೆ ಅದು. ಅದಕ್ಕೆ ಉಪಕರಣ ಇದೆ, ದುಡ್ಡು ಕೊಡಬೇಕಿಲ್ಲ, ವಿಜ್ಞಾನ ಪದವೀಧರರಿಗೆ ಎರಡು ಮೂರು ತಾಸಿನಲ್ಲಿ ಮೊದಲ ಪಾಠ ತಲೆಗೆ ಹತ್ತುತ್ತದೆ.

ಉಪಕರಣದ ಹೆಸರು ಆನ್ಸಿಬಲ್. ಉರ್ಸುಲಾ ಲೆ ಗುಯಿನ್ ತಮ್ಮ 1966ರ ವೈಜ್ಞಾನಿಕ ಕಾದಂಬರಿಯೊಂದರಲ್ಲಿ, ನಕ್ಷತ್ರದಿಂದ ನಕ್ಷತ್ರಕ್ಕೆ ಕ್ಷಣಮಾತ್ರದಲ್ಲಿ ಮಾತು ಮುಟ್ಟಿಸುವ ಯಂತ್ರಕ್ಕೆ ಕಟ್ಟಿದ ಪದ ಇದು. ಮೈಕೆಲ್ ಡಿಹಾನ್ ಎಂಬವರು 2012ರಲ್ಲಿ ಈ ಹೆಸರಿನ ತಂತ್ರಾಂಶವನ್ನು ಹೊರತಂದರು. 2015ರಲ್ಲಿ ರೆಡ್ ಹ್ಯಾಟ್ ಕಂಪನಿ ಅದನ್ನು ಕೊಂಡಿತು. ದೊಡ್ಡ ಕಂಪನಿಗಳು ನೂರಾರು, ಸಾವಿರಾರು ಸರ್ವರ್‌ಗಳನ್ನು ದೂರದಿಂದ ಒಂದೇ ರೀತಿ ಸಜ್ಜುಗೊಳಿಸಲು ಬಳಸುವ ಸಾಧನ ಇದು. ಅದನ್ನು ಹಳ್ಳಿಯ ಹೈಸ್ಕೂಲಿನ ಒಂಬತ್ತು ಹಳೆಯ ಡೆಸ್ಕ್‌ಟಾಪ್‌ಗಳಿಗೆ ಯಾಕೆ ಎಂದು ಕೇಳಬಹುದು. ಯಂತ್ರಕ್ಕೆ ತಾನು ಸರ್ವರೋ, ಎಂಟನೆಯ ಬಿ ವಿಭಾಗದ ಮಕ್ಕಳ ಡೆಸ್ಕ್‌ಟಾಪೋ ಎಂಬ ಭೇದ ಗೊತ್ತಿಲ್ಲ. ಆ ಕಡೆ ಲಿನಕ್ಸ್, ಎಸ್‌ಎಸ್‌ಎಚ್ ಮತ್ತು ಪೈಥಾನ್ ಇದ್ದರೆ ಸಾಕು.

ಇದನ್ನು ಏಜೆಂಟ್ ಇಲ್ಲದ ಉಪಕರಣ ಎನ್ನುತ್ತಾರೆ. ಏಜೆಂಟ್ ಎಂದರೆ ಏನೆಂದು ರಾಮದುರ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಮಾರುಕಟ್ಟೆಯಲ್ಲೂ ಕಚೇರಿಯ ಹೊರಗೂ ಕಂಡೇ ಇದ್ದೇವೆ. ಕಂಪ್ಯೂಟರಿನಲ್ಲಿ ಏಜೆಂಟ್ ಎಂದರೆ ಪ್ರತಿ ಯಂತ್ರದೊಳಗೂ ಸದಾ ಎಚ್ಚರವಾಗಿ ಕುಳಿತು, ಮೇಲಿನವರ ಅಪ್ಪಣೆಗೆ ಕಾಯುವ ಪುಟ್ಟ ತಂತ್ರಾಂಶ. ಪಪೆಟ್, ಶೆಫ್ ಮುಂತಾದ ಹಳೆಯ ಉಪಕರಣಗಳು ಸಾಮಾನ್ಯವಾಗಿ ಹೀಗೆ ಕೆಲಸ ಮಾಡುತ್ತವೆ. ಆನ್ಸಿಬಲ್ ಹಾಗೆ ಯಾರನ್ನೂ ಒಳಗೆ ಕೂಡಿಸುವುದಿಲ್ಲ. ಶಿಕ್ಷಕರ ಮೇಜಿನ ಯಂತ್ರದಿಂದ ಎಸ್‌ಎಸ್‌ಎಚ್ ದಾರಿಯಲ್ಲಿ ಹೋಗುತ್ತದೆ, ಒಂದು ಸಣ್ಣ ಪ್ರೋಗ್ರಾಮನ್ನು ಅಲ್ಲಿಗೆ ಒಯ್ದು ನಡೆಸುತ್ತದೆ, ಏನಾಯಿತೆಂಬ ವರದಿ ತರುತ್ತದೆ, ಒಯ್ದದ್ದನ್ನು ಅಳಿಸಿ ಬರುತ್ತದೆ. ಎಸ್‌ಎಸ್‌ಎಚ್ ಎಂಬ ದಾರಿಯೂ ಒಂದು ಕಾಲೇಜಿನಲ್ಲೇ ಹುಟ್ಟಿದ್ದು: 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದ ಮೇಲೆ, ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಅದನ್ನು ಬರೆದರು.

ಏಜೆಂಟ್ ಇಲ್ಲದಿರುವುದರ ಬೆಲೆ ನನಗೆ ತಿಳಿದದ್ದು ಇಂಟರ್ನ್‌ಶಿಪ್ ಶಾಲೆಯಲ್ಲಿ. ಶಾಲೆಗಳ ಐಸಿಟಿ ಯೋಜನೆ 2004ರ ಕೊನೆಯಲ್ಲಿ ಕೇಂದ್ರದಿಂದ ಬಂತು, 2010ರಲ್ಲಿ ಪರಿಷ್ಕರಣೆಯಾಯಿತು. ನಮ್ಮ ರಾಜ್ಯವೂ ಸೇರಿದಂತೆ ಅನೇಕ ಕಡೆ ಅದನ್ನು ಬೂಟ್ ಎಂಬ ಮಾದರಿಯಲ್ಲಿ ನಡೆಸಿದರು. ಖಾಸಗಿ ಸಂಸ್ಥೆ ಲ್ಯಾಬ್ ಕಟ್ಟುತ್ತದೆ, ಗುತ್ತಿಗೆಯ ಅವಧಿ ಮುಗಿಯುವವರೆಗೆ ತನ್ನ ಒಡೆತನದಲ್ಲಿಟ್ಟು ನಡೆಸುತ್ತದೆ, ಆಮೇಲೆ ಶಾಲೆಗೆ ಒಪ್ಪಿಸಿ ಹೋಗುತ್ತದೆ. ನಾನು ಹೋದ ಶಾಲೆಗೆ ಯಂತ್ರಗಳನ್ನು ಕೊಟ್ಟವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ಅವರು ಪ್ರತಿ ಯಂತ್ರದಲ್ಲೂ ಒಂದು ಮೇಲ್ವಿಚಾರಣೆ ತಂತ್ರಾಂಶ ಕೂಡಿಸಿ ಹೋಗಿದ್ದರು. ಗುತ್ತಿಗೆ ಮುಗಿಯಿತು, ಕಂಪ್ಯೂಟರ್ ಕಲಿಸುತ್ತಿದ್ದವರು ಹೋದರು, ತಂತ್ರಾಂಶ ಮಾತ್ರ ಉಳಿಯಿತು. ಯಂತ್ರ ಹಚ್ಚಿದಾಗಲೆಲ್ಲ ಪರವಾನಗಿ ಮುಗಿದಿದೆ ಎಂಬ ಕಿಟಕಿ ಎದ್ದು ಬರುತ್ತಿತ್ತು. ಅದನ್ನು ತೆಗೆದುಹಾಕಲು ಅದರದೇ ಪಾಸ್‌ವರ್ಡ್ ಬೇಕು, ಪಾಸ್‌ವರ್ಡ್ ಯಾರಲ್ಲೂ ಇಲ್ಲ. ಎಂಟನೆಯ ತರಗತಿಯ ಹುಡುಗನೊಬ್ಬ ಹೇಳಿದ: 'ಟೀಚರ್‍ರೀ, ಅದರ ಮಾಲಕರು ಹೋಗ್ಯಾರ್ರಿ, ಕಾವಲುಗಾರ ಒಬ್ಬವ ಒಳಗ ಉಳದಾನ್ರಿ.'

ಏಜೆಂಟ್‌ನ ಅಪಾಯವನ್ನು ಇಡೀ ಜಗತ್ತು ಕಂಡದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಏಜೆಂಟ್‌ಗೆ ಬಂದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಂದು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಬಹಳಷ್ಟು ಕಡೆ ಸಿಬ್ಬಂದಿ ಒಂದೊಂದು ಯಂತ್ರದ ಮುಂದೂ ಹೋಗಿ ನಿಂತು ಆ ಫೈಲನ್ನು ಅಳಿಸಬೇಕಾಯಿತು. ವೈರಸ್ ಕಾಯುವ ಕೆಲಸಕ್ಕೆ ಒಳಗೇ ಕುಳಿತ ಏಜೆಂಟ್ ಬೇಕಾಗುತ್ತದೆ, ಆ ಮಾತು ಬೇರೆ. ಜಿಯೋಜೀಬ್ರಾ ಹಾಕುವುದಕ್ಕೆ, ಕನ್ನಡ ಫಾಂಟ್ ಕೂಡಿಸುವುದಕ್ಕೆ ಅಂಥ ಒಬ್ಬನನ್ನು ಸಾಕಿಕೊಳ್ಳಬೇಕಾಗಿಲ್ಲ.

ಇನ್ನು ಕೆಲಸ ನಡೆಯುವ ಬಗೆ. ಮೊದಲು ಒಂದು ಪಟ್ಟಿ ಬೇಕು, ಯಾವ ಯಾವ ಯಂತ್ರಗಳಿವೆ ಎಂಬ ಪಟ್ಟಿ. ಆನ್ಸಿಬಲ್ ಅದನ್ನು ಇನ್ವೆಂಟರಿ ಎನ್ನುತ್ತದೆ, ನಾನು ಹಾಜರಿ ಪುಸ್ತಕ ಎಂದೇ ಮಕ್ಕಳಿಗೆ ಹೇಳಿದೆ. ಆಮೇಲೆ ಪ್ಲೇಬುಕ್ ಎಂಬ ಒಂದು ಸಾದಾ ಪಠ್ಯದ ಫೈಲು. ಅದರಲ್ಲಿ ಯಂತ್ರ ಹೇಗಿರಬೇಕೆಂದು ಸಾಲು ಸಾಲಾಗಿ ಬರೆಯಬೇಕು. ಜಿಯೋಜೀಬ್ರಾ, ಸ್ಟೇಟ್ ಪ್ರೆಸೆಂಟ್. ಕನ್ನಡ ಫಾಂಟುಗಳು, ಸ್ಟೇಟ್ ಪ್ರೆಸೆಂಟ್. ಇಸ್ಪೀಟಿನ ಆಟ, ಸ್ಟೇಟ್ ಆಬ್ಸೆಂಟ್. ನಮ್ಮ ತರಗತಿಯ ಎರಡು ಪದಗಳೇ ಅಲ್ಲಿವೆ! ಈ ಸಾಲುಗಳನ್ನು ಪರದೆಯ ಮೇಲೆ ತೋರಿಸಿದಾಗ ಹಿಂದಿನ ಬೆಂಚಿನಿಂದ 'ಪ್ರೆಸೆಂಟ್ ಟೀಚರ್' ಎಂದು ಕೂಗು ಬಂತು. ಆ ದಿನದ ಪೀಠಿಕೆಗೆ ನಾನು ಬೇರೆ ಏನೂ ಮಾಡಬೇಕಾಗಲಿಲ್ಲ.

ಈ ಪ್ಲೇಬುಕ್ಕಿಗೂ ನಮ್ಮ ಪಾಠಯೋಜನೆಗೂ ಒಂದು ದೊಡ್ಡ ಅಂತರವಿದೆ, ಅದನ್ನು ನಾವು ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ಪಾಠಯೋಜನೆಯಲ್ಲಿ ಶಿಕ್ಷಕರ ಚಟುವಟಿಕೆ ಒಂದು ಕಾಲಂ, ವಿದ್ಯಾರ್ಥಿಗಳ ಚಟುವಟಿಕೆ ಇನ್ನೊಂದು ಕಾಲಂ. ನಾವು ಬರೆಯುವುದೆಲ್ಲ ಏನು ಮಾಡುತ್ತೇವೆ ಎಂದು. ಮಗು ಈಗಾಗಲೇ ಎಲ್ಲಿದೆ ಎಂದು ನೋಡದೆ ಅದೇ ಹೆಜ್ಜೆಗಳನ್ನು ಹಾಕುತ್ತೇವೆ. ಪ್ಲೇಬುಕ್ಕಿನಲ್ಲಿ ಕೊನೆಗೆ ಏನಿರಬೇಕು ಎಂಬುದು ಮಾತ್ರ ಇರುತ್ತದೆ. ಉಪಕರಣ ಪ್ರತಿ ಯಂತ್ರದ ಹತ್ತಿರ ಹೋಗಿ ಮೊದಲು ನೋಡುತ್ತದೆ, ಇದ್ದರೆ ಮುಟ್ಟುವುದಿಲ್ಲ, ಇಲ್ಲದಿದ್ದರೆ ಅಷ್ಟನ್ನೇ ಮಾಡುತ್ತದೆ. ಎಷ್ಟು ಸಲ ನಡೆಸಿದರೂ ಫಲ ಒಂದೇ. ಗಣಿತದಲ್ಲಿ ಇದಕ್ಕೆ ಐಡೆಂಪೊಟೆಂಟ್ ಎನ್ನುತ್ತಾರೆ. 1870ರಲ್ಲಿ ಅಮೆರಿಕದ ಗಣಿತಜ್ಞ ಬೆಂಜಮಿನ್ ಪಿಯರ್ಸ್ ಟಂಕಿಸಿದ ಪದ. ಒಂದು ಸಂಖ್ಯೆಯ ವರ್ಗ ಅದೇ ಸಂಖ್ಯೆ ಆಗಬೇಕು, ಅಂಥವು ಯಾವುವು? ಸೊನ್ನೆ ಮತ್ತು ಒಂದು. ಒಂದು ಗಣವನ್ನು ಅದರೊಂದಿಗೇ ಸಂಯೋಗ ಮಾಡಿದರೆ ಅದೇ ಗಣ.

ಒಂಬತ್ತನೆಯ ತರಗತಿಗೆ ಇದನ್ನು ಹೇಳುವಾಗ ಪಿಯರ್ಸ್ ಸಾಹೇಬರು ಕೆಲಸಕ್ಕೆ ಬರಲಿಲ್ಲ, ಪಂಪ್‌ಸೆಟ್ ಬಂತು. ಮಲಪ್ರಭೆಯ ದಂಡೆಯ ಮಕ್ಕಳಿಗೆ ಸ್ಟಾರ್ಟರ್ ಪೆಟ್ಟಿಗೆ ಗೊತ್ತು. ಹಸಿರು ಗುಂಡಿ ಒತ್ತಿದರೆ ಮೋಟರ್ ಶುರು. ಓಡುತ್ತಿರುವಾಗ ಮತ್ತೆ ಹಸಿರು ಒತ್ತಿದರೆ? 'ಏನೂ ಆಗೂದಿಲ್ರಿ, ಓಡತಿರತೈತಿ.' ಮೊಬೈಲಿನ ಟಾರ್ಚ್ ಗುಂಡಿ ಎರಡು ಸಲ ಒತ್ತಿದರೆ? 'ಆರತೈತ್ರಿ.' ಟಾರ್ಚ್ ಗುಂಡಿಯನ್ನು ಕತ್ತಲಲ್ಲಿ ಎಷ್ಟು ಸಲ ಒತ್ತಿದೆನೆಂದು ನೆನಪಿಡಬೇಕು, ಹಸಿರು ಗುಂಡಿಗೆ ಆ ನೆನಪು ಬೇಡ. ದೂರದಿಂದ ನಡೆಸುವ ಯಂತ್ರಕ್ಕೆ ಹಸಿರು ಗುಂಡಿಯೇ ಬೇಕು. ಆ ಕಡೆ ಕರೆಂಟ್ ಹೋಗಿ ಬಂದಿರಬಹುದು, ಅರ್ಧ ಕೆಲಸ ಆಗಿರಬಹುದು, ನಮಗೆ ಕಾಣಿಸುವುದಿಲ್ಲ. ಫೈಲಿನ ಕೊನೆಗೆ ಒಂದು ಸಾಲು ಸೇರಿಸು ಎಂದು ಹಳೆಯ ರೀತಿಯ ಸ್ಕ್ರಿಪ್ಟ್ ಬರೆದು ಮೂರು ಸಲ ಓಡಿಸಿದರೆ ಅದೇ ಸಾಲು ಮೂರು ಸಲ ಬೀಳುತ್ತದೆ. ಈ ಸಾಲು ಇರಬೇಕು ಎಂದು ಬರೆದರೆ ಒಂದೇ ಸಲ. ಆನ್ಸಿಬಲ್‌ನಲ್ಲೂ ನೇರವಾಗಿ ಶೆಲ್ ಆದೇಶ ಕೊಡುವ ದಾರಿಯಿದೆ. ಆ ದಾರಿ ಹಿಡಿದರೆ ಈ ಗುಣ ತಾನಾಗಿ ಬರುವುದಿಲ್ಲ, ನಾವೇ ನೋಡಿಕೊಳ್ಳಬೇಕು.

ಕೊನೆಗೆ ಬರುವ ವರದಿಯನ್ನು ಓದುವುದನ್ನು ಕಲಿಸಿದರೆ ಅರ್ಧ ಮೌಲ್ಯಮಾಪನ ಕಲಿಸಿದಂತೆ. ಆಗಲೇ ಸರಿ ಇದ್ದದ್ದು ಹಸಿರು ಬಣ್ಣದಲ್ಲಿ, ಈಗ ಬದಲಾಯಿಸಿದ್ದು ಹಳದಿಯಲ್ಲಿ, ಆಗದ್ದು ಕೆಂಪಿನಲ್ಲಿ. ಆಗದ್ದರಲ್ಲೂ ಎರಡು ಬಗೆ: ಯಂತ್ರದ ಹತ್ತಿರ ಹೋಗುವುದೇ ಆಗಲಿಲ್ಲ ಎಂಬುದು ಒಂದು, ಹೋದೆ ಆದರೆ ಕೆಲಸ ಆಗಲಿಲ್ಲ ಎಂಬುದು ಇನ್ನೊಂದು. ಗೈರಾದ ಮಗುವನ್ನೂ ಅನುತ್ತೀರ್ಣನಾದ ಮಗುವನ್ನೂ ಒಂದೇ ಸಾಲಿಗೆ ಹಾಕಿ ಸರಾಸರಿ ತೆಗೆಯುವ ಅಂಕಪಟ್ಟಿಗಳನ್ನು ನಾನು ನೋಡಿದ್ದೇನೆ. ಈ ಉಪಕರಣ ಅದನ್ನು ಮಾಡುವುದಿಲ್ಲ.

ಶಾಲೆಯಲ್ಲಿ ಮಾಡಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಮುಖ್ಯಶಿಕ್ಷಕರು ಎಸ್‌ಡಿಎಂಸಿ ಸಭೆಯಲ್ಲಿ ವಿಷಯವಿಟ್ಟು ಒಪ್ಪಿಗೆ ಕೊಡಿಸಿದ ಮೇಲೆ, ಒಂಬತ್ತು ಯಂತ್ರಗಳಿಗೂ ಪೆನ್ ಡ್ರೈವ್‌ನಿಂದ ಉಬುಂಟು ಹಾಕಿದೆವು. ಈ ಒಂದು ಸುತ್ತನ್ನು ಮಾತ್ರ ಕಾಲಿನಿಂದಲೇ ಮಾಡಬೇಕು, ಎಸ್‌ಎಸ್‌ಎಚ್ ಬಾಗಿಲು ತೆರೆದು ಕೀಲಿ ಇಡುವವರೆಗೆ ಯಾವ ಜಾದುವೂ ಇಲ್ಲ. ಸಹಪಾಠಿಯೂ ನಾನೂ ಎರಡು ಶನಿವಾರ ಅದಕ್ಕೇ ಕೊಟ್ಟೆವು. ಹತ್ತಿರದ ಸ್ವಿಚ್‌ಗೆ ಕೇಬಲ್ ಎಳೆದು, ಪ್ರತಿ ಯಂತ್ರಕ್ಕೂ ಒಂದು ನಿಗದಿತ ವಿಳಾಸ ಕೊಟ್ಟು, ಅದನ್ನೇ ಮಾನಿಟರ್ ಮೇಲೆ ಚೀಟಿ ಬರೆದು ಅಂಟಿಸಿದೆವು. ಆಮೇಲೆ ಪ್ಲೇಬುಕ್. ಅದರಲ್ಲಿ ಜಿಯೋಜೀಬ್ರಾ, ಕನ್ನಡದ ಕೀಲಿಮಣೆ, ಗುಬ್ಬಿ ಮತ್ತು ನವಿಲು ಫಾಂಟುಗಳು, ಇಂಟರ್ನೆಟ್ ಇಲ್ಲದೆಯೂ ತೆರೆಯುವ ಫೆಟ್ ಸಿಮ್ಯುಲೇಷನ್‌ಗಳ ಒಂದು ಫೋಲ್ಡರು. (ನವಿಲು ಎಂದ ಕೂಡಲೇ ಮಕ್ಕಳು ನವಿಲುತೀರ್ಥದ ಡ್ಯಾಮಿಗೆ ಹೋದರು, ಅಲ್ಲಿಂದ ವಾಪಸ್ ಕರೆತರಲು ಐದು ನಿಮಿಷ ಹಿಡಿಯಿತು.) ಒಂಬತ್ತೂ ಯಂತ್ರಗಳು ಅದೇ ಫೈಲುಗಳನ್ನು ಒಂದೊಂದಾಗಿ ಇಂಟರ್ನೆಟ್‌ನಿಂದ ಎಳೆದರೆ ನಮ್ಮ ಸಂಪರ್ಕ ಸಾಲುವುದಿಲ್ಲ. ಆದ್ದರಿಂದ ಶಿಕ್ಷಕರ ಯಂತ್ರ ಒಮ್ಮೆ ತರಿಸಿಟ್ಟುಕೊಂಡು ಉಳಿದವಕ್ಕೆ ಹಂಚುವಂತೆ ಮಾಡಿದೆವು. ಬಿಟ್ಟರೆ ಆನ್ಸಿಬಲ್ ಒಂದೇ ವೇಳೆಗೆ ಐದು ಯಂತ್ರಗಳನ್ನು ಹಿಡಿಯುತ್ತದೆ. ಆ ಸಂಖ್ಯೆ ಬೇಕಾದರೆ ಬದಲಾಯಿಸಬಹುದು, ನಾವು ಬದಲಾಯಿಸಲಿಲ್ಲ. ನಡೆಸುವ ಮೊದಲು ಚೆಕ್ ಎಂಬ ಬಗೆಯಲ್ಲಿ ಓಡಿಸಿದರೆ ಏನನ್ನೂ ಮುಟ್ಟದೆ ಏನು ಬದಲಾಗಬಹುದೆಂದು ಹೇಳುತ್ತದೆ. ಸೂಕ್ಷ್ಮ ಬೋಧನೆಯಂತೆ ಇದೂ ತಾಲೀಮು.

ವಿರೋಧದ ಮಾತುಗಳನ್ನು ನಾನು ಸ್ಟಾಫ್ ರೂಮಿನಲ್ಲೇ ಕೇಳಿದ್ದೇನೆ. 'ಬಿಸಿಯೂಟದ ಲೆಕ್ಕ ನಾವ ಬರೀಬೇಕು, ಎಸ್‌ಎಟಿಎಸ್ ನಾವ ತುಂಬಬೇಕು, ಇಲೆಕ್ಷನ್ ಡ್ಯೂಟಿ ನಮಗ. ಇನ್ನ ಇದೂ ನಮ್ಮ ತಲಿಗೇನವಾ?' ಎಂದರು ಹಿರಿಯ ಗುರುಗಳೊಬ್ಬರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಲ್ಯಾಬ್ ನೋಡಿಕೊಳ್ಳುವವರಿಗೆ ವಾರದಲ್ಲಿ ಎರಡು ಪಿರಿಯಡ್ ಬಿಡುವು ವೇಳಾಪಟ್ಟಿಯಲ್ಲೇ ಸಿಗಬೇಕು, ಸಿಗದಿದ್ದರೆ ಇದು ಹೊರೆಯೇ. ಆದರೆ ಇನ್ನೊಂದು ಕಡೆಯನ್ನೂ ನೋಡಬೇಕು. ಈಗ ಪೆನ್ ಡ್ರೈವ್ ಹಿಡಿದು ಒಂಬತ್ತು ಯಂತ್ರ ಸುತ್ತುವವರು, ಒಂಬತ್ತು ಸಲ ಪಾಸ್‌ವರ್ಡ್ ಒತ್ತುವವರು ಯಾರು? ಅದೂ ನಾವೇ. ಒಂದು ಪೂರ್ವಾಹ್ನ ಹಿಡಿಯುತ್ತಿದ್ದ ಕೆಲಸ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಆದರೆ ಅದನ್ನು ಹೊರೆ ಎನ್ನಲಾರೆ.

ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಿ. ಕೇರಳದಲ್ಲಿ ಐಟಿ ಅಟ್ ಸ್ಕೂಲ್ 2001ರಲ್ಲಿ ಶುರುವಾಯಿತು, 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಅಲ್ಲಿ ಲ್ಯಾಬನ್ನು ಹೊರಗಿನ ಗುತ್ತಿಗೆಗೆ ಬಿಡಲಿಲ್ಲ. ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರೇ ಐಟಿ ಸಂಯೋಜಕರು, ತರಬೇತಿ ಕೊಡುವವರೂ ಶಿಕ್ಷಕರೇ, ಯಂತ್ರಗಳಲ್ಲಿ ಉಬುಂಟು ಆಧಾರದ ತಮ್ಮದೇ ಗ್ನೂ/ಲಿನಕ್ಸ್. 2018ರಿಂದ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕ್ಲಬ್ಬುಗಳೂ ಇವೆ. ಉಪಕರಣಗಳ ಆರೈಕೆಯಲ್ಲಿ ಮಕ್ಕಳು ಕೈಜೋಡಿಸುತ್ತಾರೆ. ನಾನಿಲ್ಲಿ ಆನ್ಸಿಬಲ್‌ಗಾಗಿ ಕೇರಳವನ್ನು ಎಳೆದು ತಂದಿಲ್ಲ. ಲ್ಯಾಬಿನ ಹೊಣೆ ಶಿಕ್ಷಕರ ಕೈಯಲ್ಲಿ ಇರಬಲ್ಲದು, ಅದು ಇಡೀ ರಾಜ್ಯದಲ್ಲಿ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ನಡೆದಿದೆ, ಕನ್ನಡದ ಮಕ್ಕಳೂ ಅದರ ಫಲ ಉಂಡಿದ್ದಾರೆ ಎಂಬುದಕ್ಕೆ ತಂದೆ. ಅದೇ ಹೊಣೆ ನಮ್ಮಲ್ಲಿ ಶಿಕ್ಷಕರ ಕೈಗೆ ಬಂದರೆ ಅವರಿಗೆ ತಕ್ಕ ಉಪಕರಣ ಬೇಕು, ಆ ಉಪಕರಣ ಯಾವುದೆಂದು ನಾನು ಹೇಳುತ್ತಿದ್ದೇನೆ.

ಎರಡನೆಯ ಆಕ್ಷೇಪ ಭದ್ರತೆಯದು, ಇದಕ್ಕೆ ನನ್ನಲ್ಲಿ ಪೂರ್ತಿ ಸಮಾಧಾನದ ಉತ್ತರವಿಲ್ಲ. ಒಂಬತ್ತು ಬಾಗಿಲಿಗೆ ಒಂದೇ ಕೀಲಿ ಎಂದರೆ, ಕೀಲಿ ಹೋದರೆ ಒಂಬತ್ತೂ ಹೋದವು. ಎಸ್‌ಎಸ್‌ಎಚ್ ಕೂಡ ದೇವರ ಕೋಣೆಯಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶದ ಮೂಲಕ ಎಸ್‌ಎಸ್‌ಎಚ್‌ಗೇ ಹಿಂಬಾಗಿಲು ಕೊರೆದಿದ್ದು ಬಯಲಾಯಿತು. ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅವರಿಗೆ ಅನುಮಾನ ಬಂತು. ನಮ್ಮ ವಿಜ್ಞಾನ ಬೋಧನೆಯಲ್ಲಿ ವೀಕ್ಷಣಾ ಕೌಶಲಕ್ಕೆ ಉದಾಹರಣೆ ಹುಡುಕುವವರು ಇದನ್ನು ಬಳಸಿಕೊಳ್ಳಬಹುದು. ಲ್ಯಾಬಿನ ಮಟ್ಟಿಗೆ ನಾವು ಮಾಡಿದ್ದು ಇಷ್ಟೇ: ಕೀಲಿಗೆ ಒಂದು ರಹಸ್ಯ ವಾಕ್ಯ ಹಾಕಿದೆವು, ಮಕ್ಕಳ ಖಾತೆಗೆ ಆಡಳಿತದ ಅಧಿಕಾರ ಕೊಡಲಿಲ್ಲ, ಲ್ಯಾಬಿನ ಜಾಲವನ್ನು ಹೊರಗಿನಿಂದ ತಟ್ಟಲು ಬಾರದಂತೆ ಇಟ್ಟೆವು.

ವಿಂಡೋಸ್ ಇರುವ ಲ್ಯಾಬುಗಳ ಗತಿ ಏನು ಎಂದು ಕೇಳಿದವರಿಗೆ: ಅವನ್ನೂ ನಡೆಸಬಹುದು, ಆದರೆ ನಡೆಸುವ ಯಂತ್ರ ಲಿನಕ್ಸ್ ಆಗಿರಬೇಕು ಅಥವಾ ವಿಂಡೋಸಿನೊಳಗೆ ಲಿನಕ್ಸ್ ಪದರ ಹಾಕಬೇಕು, ಸಜ್ಜು ಮಾಡುವುದೂ ಹೆಚ್ಚು. ಒಂದೇ ಸಲ ಎಲ್ಲವನ್ನೂ ಒಂದೇ ರೂಪಕ್ಕೆ ತರುವುದಾದರೆ ಡಿಸ್ಕ್ ನಕಲು ತೆಗೆದು ಹಾಕುವುದೇ ಸುಲಭ. ಆನ್ಸಿಬಲ್‌ನ ಗೆಲುವು ಎರಡನೆಯ ವಾರದಿಂದ. ಸಮಾಜ ವಿಜ್ಞಾನದ ಟೀಚರು ನಕಾಶೆಯ ತಂತ್ರಾಂಶ ಕೇಳಿದಾಗ ಒಂದು ಸಾಲು ಸೇರಿಸಿದರೆ ಮುಗಿಯಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನಮ್ಮ ತಾಲೂಕಿನ ನದಿದಂಡೆಯ ಊರುಗಳಿಗೆ ನೀರು ಹೊಕ್ಕಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ನೀರಿಗೆ ಸಿಕ್ಕ ಕಂಪ್ಯೂಟರ್ ತಿರುಗಿ ಬರುವುದಿಲ್ಲ. ಹೊಸದು ಬಂದಾಗ ಹಳೆಯ ಲ್ಯಾಬ್ ಹೇಗಿತ್ತೆಂದು ಹೇಳುವವರು ಯಾರು? ಕಲಿಸಿದವರು ಹೋಗಿರುತ್ತಾರೆ, ಅತಿಥಿ ಶಿಕ್ಷಕರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ನಮ್ಮಂಥ ಪ್ರಶಿಕ್ಷಣಾರ್ಥಿಗಳಂತೂ ನಾಲ್ಕು ತಿಂಗಳಿದ್ದು ಹಾಜರಿ ಪತ್ರಕ್ಕೆ ಸಹಿ ಹಾಕಿಸಿಕೊಂಡು ಬರುವವರು. ಲ್ಯಾಬಿನ ಜ್ಞಾನ ಒಬ್ಬರ ತಲೆಯಲ್ಲಿದ್ದರೆ ಅವರ ಜೊತೆಯೇ ಬಸ್ ಹತ್ತುತ್ತದೆ. ಪ್ಲೇಬುಕ್ ಎರಡು ಪುಟದ ಪಠ್ಯ, ಮುದ್ರಿಸಿದರೆ ಕಣ್ಣಿಗೆ ಕಾಣುತ್ತದೆ, ಹೆಸರುಗಳು ಕನ್ನಡದಲ್ಲೂ ಬರೆಯಬಹುದು. ನಾವು ಪ್ರತಿ ಕೆಲಸದ ಹೆಸರನ್ನೂ ಕನ್ನಡದಲ್ಲೇ ಇಟ್ಟೆವು, ನಡೆಯುವಾಗ ಪರದೆಯ ಮೇಲೆ 'ಫಾಂಟುಗಳು ಇವೆಯೇ ನೋಡು' ಎಂದು ಕನ್ನಡದಲ್ಲೇ ಬರುತ್ತದೆ.

ಕಾಲೇಜಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಐಸಿಟಿ ಪತ್ರಿಕೆಯ ಪ್ರಾಯೋಗಿಕದಲ್ಲಿ ನಾಲ್ಕು ಪಿರಿಯಡ್, ನಮ್ಮದೇ ಲ್ಯಾಬಿನ ಮೂರು ಯಂತ್ರ, ಪ್ರತಿಯೊಬ್ಬರೂ ಹತ್ತು ಸಾಲಿನ ಒಂದು ಪ್ಲೇಬುಕ್ ಬರೆದು ಎರಡು ಸಲ ಓಡಿಸಿ, ಎರಡನೆಯ ಸಲದ ವರದಿಯಲ್ಲಿ ಹಳದಿ ಇಲ್ಲದಿರುವುದನ್ನು ತೋರಿಸಬೇಕು. ಇಂಟರ್ನ್‌ಶಿಪ್ ದಾಖಲೆಯಲ್ಲಿ ಶಾಲೆಯ ಲ್ಯಾಬಿನ ಸ್ಥಿತಿಗೆ ಒಂದು ಪುಟ ಇರಲಿ. ಕ್ರಿಯಾ ಸಂಶೋಧನೆಗೆ ವಿಷಯ ಸಿಗದೆ ಪರದಾಡುವ ಗೆಳೆಯ ಗೆಳತಿಯರಿಗೆ ಅದೇ ಪುಟ ಸಾಕು.

ಮುಂದಿನ ತಂಡದವರು ಆ ಶಾಲೆಗೆ ಹೋದರೆ: ಪ್ಲೇಬುಕ್ ಒಂದನೆಯ ಯಂತ್ರದಲ್ಲಿದೆ, ಅದರ ಮುದ್ರಿತ ಪ್ರತಿ ಲ್ಯಾಬಿನ ಸ್ಟಾಕ್ ರಜಿಸ್ಟರಿನ ಕೊನೆಯ ಪುಟಕ್ಕೆ ಅಂಟಿಸಿದೆ, ಕೀಲಿಯ ರಹಸ್ಯ ವಾಕ್ಯ ಮುಖ್ಯಶಿಕ್ಷಕರ ಕಪಾಟಿನಲ್ಲಿ ಮುಚ್ಚಿದ ಲಕೋಟೆಯಲ್ಲಿದೆ. ಆರನೆಯ ಯಂತ್ರದ ಕೇಬಲ್ ಸಡಿಲ. ಅದು ಕೆಂಪು ತೋರಿಸಿದರೆ ಮೊದಲು ಕೇಬಲ್ ಒತ್ತಿ ನೋಡಿ.